ವೇಷ ಕಳಚದ ದೇವರು

ನಾನು ಅಸ್ಸಿಗೆ ಬಂದು ಮೂವತ್ತು ವರ್ಷದ ಮೇಲಾಯ್ತು. ಇಷ್ಟು ವರ್ಷ ಕಾಶಿಯಲ್ಲಿದ್ದರೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾರ ಮನೆಯಲ್ಲಿ ಸಾವಾದರೂ ಹೇಳಲು ಒಂದು ಮಾತು ನಾಲಿಗೆಯ ಮೇಲೆ ತಯಾರಿರುತ್ತದೆ. ಹರಿಶ್ಚಂದ್ರ ಘಾಟಿನ ಹೊಗೆ ನೋಡೀ ನೋಡೀ ಬಂದ ಮಾತು ಅದು: ದೇಹ ಅಂದ್ರೆ ಹಳೇ ಬಟ್ಟೆ, ಆತ್ಮಕ್ಕೆ ಏನೂ ಆಗೋದಿಲ್ಲ.

ಕೆಲವು ವರ್ಷಗಳ ಹಿಂದೆ ಆ ಮಾತನ್ನು ಪೊರ್ಬುಗಳಿಗೂ ಹೇಳಿಬಿಟ್ಟೆ. ಅವರು ಉಡುಪಿ ಕಡೆಯ ಕೆಥೊಲಿಕರು, ನಾನು ಕುಂದಾಪುರದವನು. ಊರಿನ ರೂಢಿಯಂತೆ ನಾನು ಅವರನ್ನು 'ಪೊರ್ಬುಗಳೇ' ಎನ್ನುತ್ತಿದ್ದೆ, ಅವರು ನನ್ನನ್ನು 'ಭಟ್ರೇ' ಎನ್ನುತ್ತಿದ್ದರು. ಅವರ ಹೆಂಡತಿ ತೀರಿಕೊಂಡು ವಾರವಾಗಿತ್ತು. ಡಿಸೆಂಬರಿನ ಮಂಜು, ಘಾಟಿನ ಮೆಟ್ಟಿಲ ಮೇಲೆ ಇಬ್ಬರೂ ಕುಲ್ಹಡದ ಚಹಾ ಹಿಡಿದು ಕೂತಿದ್ದೆವು.

ನನ್ನ ಮಾತಿಗೆ ಅವರು ತುಂಬ ಹೊತ್ತು ಉತ್ತರ ಕೊಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು. "ಬಟ್ಟೆ ಅಲ್ಲ ಭಟ್ರೇ. ನಲವತ್ತು ವರ್ಷ ನನಗೆ ಗಂಜಿ ಬಡಿಸಿದ ಕೈ ಅದು. ನಮ್ಮ ದೇವರೂ ಅಂಥದೇ ಕೈ ತಗೊಂಡು ಹುಟ್ಟಿದ."

ನಾನು ಸುಮ್ಮನಿರಬೇಕಿತ್ತು. "ನಮ್ಮಲ್ಲೂ ಹಾಗೇ ಅಲ್ವಾ, ರಾಮ, ಕೃಷ್ಣ.. ಎಲ್ಲ ಒಂದೇ" ಅಂದೆ. ಅವರು ನಕ್ಕರು. ಆ ನಗು ನನಗೆ ಇವತ್ತಿಗೂ ಚುಚ್ಚುತ್ತದೆ.

ನಾನು ಹಾಗೆ ಹೇಳಿದ್ದಕ್ಕೆ ಕಾರಣ ಇಲ್ಲದಿಲ್ಲ. ಅಸ್ಸಿಯಲ್ಲಿದ್ದವರಿಗೆ ಅವತಾರ ಅಂದ್ರೆ ನೆರೆಮನೆಯ ವಿಷಯ. ತುಳಸೀದಾಸರು 1623ರಲ್ಲಿ ತೀರಿಕೊಂಡದ್ದು ಇದೇ ಅಸ್ಸಿಯ ದಡದಲ್ಲಿ ಅನ್ನುತ್ತಾರೆ. ಪಕ್ಕದ ತುಳಸಿ ಘಾಟಿನಲ್ಲಿ ಪ್ರತಿ ಕಾರ್ತಿಕ ಶುದ್ಧ ಚೌತಿಗೆ ನಾಗನಥೈಯಾ ಲೀಲೆ ನಡೆಯುತ್ತದೆ. ಕೃಷ್ಣನ ವೇಷದ ಹುಡುಗ ಕದಂಬದ ಕೊಂಬೆಯಿಂದ ಗಂಗೆಗೆ ಹಾರಿ, ಕಾಳಿಂಗನ ಹೆಡೆಯ ಮೇಲೆ ಎದ್ದು ನಿಲ್ಲುತ್ತಾನೆ. ಆಚೆ ದಡದ ರಾಮನಗರದಲ್ಲಿ ತಿಂಗಳಿಡೀ ರಾಮಲೀಲೆ. ಹುಡುಗರ ತಲೆಗೆ ಕಿರೀಟ ಏರಿತೋ ಅವರು ದೇವರೇ, ಮುದುಕರೂ ಕಾಲಿಗೆ ಬೀಳುತ್ತಾರೆ. ಕಿರೀಟ ಇಳಿದರೆ ಮತ್ತೆ ಮಾಮೂಲಿ ಹುಡುಗರು. ನಮ್ಮೂರ ಯಕ್ಷಗಾನದ ಚೌಕಿಯಲ್ಲಿ ಬೆಳಗಿನ ಜಾವ ಬಣ್ಣ ಒರೆಸಿಕೊಂಡು ಬೀಡಿ ಹಚ್ಚುವ ಕೃಷ್ಣನನ್ನು ನೋಡಿಯೇ ಬೆಳೆದವನು ನಾನು.

ಪೊರ್ಬುಗಳು ಹೇಳಿದ್ದು ಇದನ್ನೇ. "ನಮ್ಮವನು ವೇಷ ಕಳಚಲಿಲ್ಲ. ಯಾಕಂದ್ರೆ ಅದು ವೇಷವೇ ಅಲ್ಲ."

ಆಮೇಲೆ ಓದಿ ನೋಡಿದೆ. ಯೊವಾನ್ನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ನಮ್ಮ ಹಳೆಯ ಕನ್ನಡ ಬೈಬಲು 'ನರಾವತಾರ' ಎಂಬ ಪದ ಬಳಸುತ್ತದೆ. ಆದರೆ ಮೂಲ ಗ್ರೀಕಿನ ಪದದ ಅರ್ಥ ಬರೀ 'ಮಾಂಸ'. ದೇವರ ವಾಕ್ಯ ಮಾಂಸವಾಯಿತು, ಅಷ್ಟೇ. ದೇವರಿಗೆ ಹಸಿವು, ನೋವು ಇರಲು ಸಾಧ್ಯವಿಲ್ಲ, ಯೇಸುವಿನದು ಬರೀ ತೋರಿಕೆಯ ದೇಹ ಎಂದು ವಾದಿಸಿದವರು ಆ ಕಾಲದಲ್ಲೇ ಇದ್ದರು. ಸಭೆ ಅದನ್ನು ಒಪ್ಪಲಿಲ್ಲ. 451ರಲ್ಲಿ ಕ್ಯಾಲ್ಸಿಡನ್ನಿನಲ್ಲಿ ಸೇರಿದ ಬಿಷಪ್ಪರು ಆತ ಪೂರ್ತಿ ದೇವರು, ಪೂರ್ತಿ ಮನುಷ್ಯ, ಎರಡೂ ಒಬ್ಬನಲ್ಲೇ ಎಂದು ತೀರ್ಮಾನ ಕೊಟ್ಟರು. ಗೆಳೆಯನ ಸಮಾಧಿಯ ಮುಂದೆ ಅವನು ಅತ್ತದ್ದು ನಟನೆಯಲ್ಲ. ಸತ್ತು ಎದ್ದು ಬಂದ ಮೇಲೂ ಮೊಳೆ ಹೊಡೆದ ಗಾಯ ಅವನ ಕೈಯಲ್ಲಿ ಹಾಗೇ ಇತ್ತು. ಗಾಯ ಮುಟ್ಟಿ ನೋಡದೆ ನಂಬಲ್ಲ ಎಂದು ಹಟ ಹಿಡಿದ ಶಿಷ್ಯ ತೋಮ.

ಕೃಷ್ಣನೂ ಬೇಡನ ಬಾಣ ತಗಲಿ ಹೋದವನೇ, ರಾಮನೂ ಸೀತೆಗಾಗಿ ಅತ್ತವನೇ. ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ನಮ್ಮ ಕಥೆಗಳಲ್ಲಿ ಅವತಾರ ಮುಗಿಯುತ್ತದೆ, ದೇವರು ತನ್ನ ಲೋಕಕ್ಕೆ ಮರಳುತ್ತಾನೆ, ಬೇಕಾದಾಗ ಮತ್ತೆ ಬರುತ್ತಾನೆ. ಅವರಲ್ಲಿ ಬಂದದ್ದು ಒಂದೇ ಸಲ, ಹೋದದ್ದು ಗಾಯದ ಸಮೇತ. ಎರಡೂ ಒಂದೇ ಅಲ್ಲ. ಒಂದೇ ಅಲ್ಲದಿದ್ದರೆ ಜಗಳವಾಡಬೇಕು ಅಂತಲೂ ಇಲ್ಲ.

ಪೊರ್ಬುಗಳು ಈಗ ಊರಲ್ಲಿ ಮಗನ ಜೊತೆ ಇದ್ದಾರೆ. ಕಳೆದ ಕ್ರಿಸ್‌ಮಸ್ ಸಂಜೆ ನಾನು ಅಸ್ಸಿಯಿಂದ ನಡೆದೇ ಹೊರಟೆ. ಸೋನಾರ್‌ಪುರ, ಮದನ್‌ಪುರ, ನಮ್ಮ ಕನ್ನಡದವರು ಬಂದು ಇಳಿಯುವ ಜಂಗಮವಾಡಿ ಮಠ, ಆಮೇಲೆ ಗೊದೌಲಿಯಾ. ಅಲ್ಲಿಂದ ಮುಂದಿನ ಚೌಕದ ಹೆಸರೇ ಗಿರ್ಜಾಘರ್. ಎಷ್ಟೋ ಸಲ ರಿಕ್ಷಾದವನಿಗೆ ಆ ಹೆಸರು ಹೇಳಿದ್ದೇನೆ, ಆದರೆ ಇಗರ್ಜಿಯನ್ನು ನಿಂತು ನೋಡಿದ್ದು ಅದೇ ಮೊದಲು. ಸಂತ ತೋಮನ ಹೆಸರಿನ ಇಗರ್ಜಿ ಅದು.

ಅಲ್ಲಿಂದಲೇ ಫೋನ್ ಮಾಡಿದೆ. ಹಬ್ಬದ ಶುಭಾಶಯ ಹೇಳಿ, ಬಾಯಮ್ಮ ಹಬ್ಬಕ್ಕೆ ಏನೇನು ಮಾಡುತ್ತಿದ್ದರು ಅಂತ ಕೇಳಿದೆ. ನೆವ್ರಿ, ಕುಲ್ಕುಲ್.. ಹಿಟ್ಟು ನಾದುವಾಗ ಬಳೆ ತೆಗೆದು ಕಿಟಕಿಯಲ್ಲಿ ಇಡುತ್ತಿದ್ದದ್ದು.. ಹೇಳುತ್ತಲೇ ಹೋದರು. ಈ ಸಲ ನಾನು ಸುಮ್ಮನೆ ಕೇಳಿಸಿಕೊಂಡೆ.