ಕಿವಿರು ಉಳಿಸಿಕೊಂಡ ಏಡಿ

ಅಂಬರಿಗೆ ಸಂಸ್ಕೃತದಲ್ಲಿ ತೃಣಮಣಿ ಎಂಬ ಹೆಸರಿದೆ; ನಾನು ವಾಸಿಸುವ ಹೈದರಾಬಾದಿನ ಉರ್ದುವಿನಲ್ಲಿ ಅದು ಕಹರುಬಾ. ಉಜ್ಜಿದರೆ ಹುಲ್ಲುಕಡ್ಡಿಯನ್ನು ಸೆಳೆಯುವ ಗುಣವನ್ನೇ ಎರಡು ಹೆಸರುಗಳೂ ಹೇಳುತ್ತವೆ. ಮರದ ರಾಳವು ಮಣ್ಣಿನಡಿಯಲ್ಲಿ ಯುಗಗಳ ಕಾಲ ಹುದುಗಿ ಗಟ್ಟಿಯಾದರೆ ಅಂಬರ್. ಅದರಲ್ಲಿ ನೊಣ, ಇರುವೆಗಳು ಸಿಕ್ಕಿಕೊಂಡಿರುವುದು ಸಹಜ. ಕಡಲ ಜೀವಿಗೆ ಅಲ್ಲೇನು ಕೆಲಸ?

ಉತ್ತರ ಮ್ಯಾನ್ಮಾರಿನ ಅಂಬರ್ ತುಂಡೊಂದರಲ್ಲಿ ಅಮೋನೈಟ್ ಇರುವುದು 2019ರಲ್ಲಿ ಪ್ರಕಟವಾಯಿತು. ಸುರುಳಿ ಚಿಪ್ಪಿನ ಈ ಪ್ರಾಣಿ ಆಕ್ಟೋಪಸ್ಸಿನ ದೂರದ ಬಂಧು. ವಯಸ್ಸು ಸುಮಾರು 9.9 ಕೋಟಿ ವರ್ಷ, ಚಿಪ್ಪಿನ ಅಗಲ 12 ಮಿಲಿಮೀಟರ್. ಜೊತೆಗೆ ಜೇಡ, ಜಿರಳೆಗಳೂ ಇದ್ದವು, ಕಡಲ ಬಸವನಹುಳುಗಳೂ ಇದ್ದವು. ಚಿಪ್ಪಿನೊಳಗೆ ಮೆದು ದೇಹದ ಸುಳಿವಿರಲಿಲ್ಲ, ಮರಳು ತುಂಬಿತ್ತು. ಎಂದೋ ಸತ್ತು ದಡ ಸೇರಿದ್ದ ಚಿಪ್ಪಿನ ಮೇಲೆ ತೀರದ ಮರವೊಂದು ರಾಳ ಸುರಿಸಿರಬೇಕು. ಆ ಕಾಡು ಕಡಲಂಚಿನಲ್ಲಿತ್ತು ಎಂಬುದಕ್ಕೆ ಅದೇ ಸಾಕ್ಷಿಯಾಯಿತು.

2021ರಲ್ಲಿ ಅದೇ ನಾಡಿನ ಅಂಬರಿನಲ್ಲಿ ಪುಟ್ಟ ಏಡಿಯೊಂದರ ವಿವರ ಹೊರಬಂತು. ಕಾಲು ಚಾಚಿದರೂ 5 ಮಿಲಿಮೀಟರ್ ಮಾತ್ರ. ಕ್ರೆಟಾಪ್ಸಾರಾ ಅಥನಾಟಾ ಎಂಬ ಅದರ ಹೆಸರಿನಲ್ಲಿ ನಮ್ಮ ಅಪ್ಸರೆ ಇದ್ದಾಳೆ. ಸ್ಕ್ಯಾನ್ ಮಾಡಿದಾಗ ಕಣ್ಣುಗಳು ಮಾತ್ರವಲ್ಲ, ಕಿವಿರುಗಳೂ ಕಂಡವು. ಅದು ನೀರಿನಲ್ಲಿ ಉಸಿರಾಡುತ್ತಿದ್ದ ಜೀವಿ. ಬಹುಶಃ ಸಿಹಿನೀರು ಅಥವಾ ಅರೆ ಉಪ್ಪುನೀರಿನದು. ಏಡಿಗಳು ಕಡಲು ಬಿಟ್ಟು ಹೊರಟ ಕಾಲ, ಪಳೆಯುಳಿಕೆಗಳು ಅದುವರೆಗೆ ತೋರಿದ್ದಕ್ಕಿಂತ ಹಿಂದಕ್ಕೆ ಸರಿಯಿತು.

ಇದನ್ನು ಓದಿದಾಗಿನಿಂದ ಹೈದರಾಬಾದಿನ ಕನ್ನಡ ನನಗೆ ಬೇರೆಯಾಗಿ ಕಾಣುತ್ತಿದೆ. ಕಲಬುರಗಿ, ಬೀದರ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಇಲ್ಲಿನ ಹಳೆಯ ಕನ್ನಡ ಮನೆಗಳು ಎಲ್ಲಿಂದಲೋ ಬಂದು ಬಿದ್ದವಲ್ಲ. ಕಾಡಿನ ಅಂಟಿನಲ್ಲಿ ಸಿಕ್ಕ ಅಮೋನೈಟಿನಂತೆ, ಒಮ್ಮೆ ಎರಡು ಲೋಕಗಳು ಅಕ್ಕಪಕ್ಕದಲ್ಲಿದ್ದುದರ ಗುರುತು ಅವು.

ಆದರೆ ಉಳಿಯುವುದರಲ್ಲೂ ಎರಡು ಬಗೆಯಿದೆ. ರಾಜ್ಯೋತ್ಸವಕ್ಕೊಮ್ಮೆ ಹೊರಬರುವ ನಾಲ್ಕು ಮಾತು ಚಿಪ್ಪು. ತರಕಾರಿಯ ಲೆಕ್ಕ, ಅಣ್ಣತಮ್ಮಂದಿರ ಜಗಳ, ಜ್ವರದ ರಾತ್ರಿಯ ಸಮಾಧಾನ ಕನ್ನಡದಲ್ಲಿ ನಡೆದರೆ ಅದು ಕಿವಿರು. ನನ್ನ ಮಗಳು ಶಾಲೆಯ ಜಗಳವನ್ನು ತೆಲುಗಿನಲ್ಲಿ ಹೇಳಲಾರಂಭಿಸಿ, ಅಳು ಬಂದೊಡನೆ ಕನ್ನಡಕ್ಕೆ ಹೊರಳುತ್ತಾಳೆ. ಅವಳ ವ್ಯಾಕರಣವನ್ನು ಆಗ ನಾನು ತಿದ್ದುವುದಿಲ್ಲ.