ಮಾಣಿಕನಗರವೂ ಕಾರಂಜಾ ಮಡುವಿನ ಮಹಾಮತ್ಸ್ಯವೂ

ಹುಮನಾಬಾದಿನ ನೆರೆಯಲ್ಲಿರುವ ಮಾಣಿಕನಗರವು ಗುರುಗಂಗಾ, ವಿರಜಾ ಎಂಬೆರಡು ಹೊಳೆಗಳ ಸಂಗಮದಲ್ಲಿ ನೆಲೆಗೊಂಡ ಪುಣ್ಯಕ್ಷೇತ್ರವು. ಸಕಲಮತ ಸಂಪ್ರದಾಯವನ್ನು ಬೋಧಿಸಿದ ಶ್ರೀ ಮಾಣಿಕಪ್ರಭುಗಳು (1817–1865) ಸಮಾಧಿಸ್ಥರಾದುದು ಇಲ್ಲಿಯೇ. ಭಕ್ತರು ಅವರನ್ನು ದತ್ತಾವತಾರವೆಂದು ನಂಬುವರು. ದತ್ತಾತ್ರೇಯನಿಗೆ ಪಾಠ ಕಲಿಸಿದ ಇಪ್ಪತ್ತನಾಲ್ಕು ಗುರುಗಳಲ್ಲಿ, ನಾಲಗೆಯ ಚಾಪಲ್ಯದಿಂದ ಗಾಳಕ್ಕೆ ಸಿಕ್ಕುವ ಮೀನೂ ಒಂದೆಂದು ಭಾಗವತದಿಂದ ತಿಳಿಯುವುದು.

ಮೀನಿನ ವಿದ್ಯೆಯು ಈ ಸೀಮೆಗೆ ಹೊಸದಲ್ಲ. ನೆರೆಯ ಬಸವಕಲ್ಯಾಣವೇ ಚಾಲುಕ್ಯರ ರಾಜಧಾನಿಯಾದ ಕಲ್ಯಾಣವು. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವುಂಟು. ಮೀನುಗಳ ಜಾತಿಭೇದ, ಅವುಗಳ ಆಹಾರ, ಗಾಳದ ಕೋಲು, ಹುರಿ, ಎರೆ ಇವೆಲ್ಲವೂ ಅದರಲ್ಲಿ ವಿವರಿಸಲ್ಪಟ್ಟಿವೆ. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು 1951ರಲ್ಲಿ ಇದರ ಮೇಲೆ ಲೇಖನವನ್ನೇ ಪ್ರಕಟಿಸಿದರು.

ಮಾಣಿಕನಗರದ ದರ್ಶನವನ್ನು ಮುಗಿಸಿಕೊಂಡು ನಾವು ಒಂದು ಬೇಸಗೆಯಲ್ಲಿ ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಗೆ ಹೋಗಿದ್ದೆವು. ಅಲ್ಲಿ ಕಾರಂಜಾ ನದಿಗೆ ಅಣೆಕಟ್ಟನ್ನು ಕಟ್ಟಿರುವರು. ಈ ನದಿಯು ಮಾಂಜ್ರಾ ನದಿಯನ್ನೂ, ಅದು ಗೋದಾವರಿಯನ್ನೂ ಸೇರುವುದು. ಮುಂಜಾವದಲ್ಲಿ ಇಬ್ಬರು ಬೆಸ್ತರು ಹರಿಗೋಲಿನಲ್ಲಿ ಕುಳಿತು, ಹಿಂದಿನ ರಾತ್ರಿ ಮಡುವಿನ ತಳಕ್ಕೆ ಬಿಟ್ಟಿದ್ದ ಗಾಳದ ಹುರಿಯನ್ನು ಎಳೆಯುತ್ತಿದ್ದರು. ಹಠಾತ್ತನೆ ಹರಿಗೋಲು ಬುಗುರಿಯಂತೆ ತಿರುಗಿತು. ಒಬ್ಬನು ಹುಟ್ಟನ್ನು ಊರಿ ಹಿಡಿದನು. ಮತ್ತೊಬ್ಬನು ಹುರಿಯನ್ನು ಒಮ್ಮೆ ಸಡಿಲಿಸಿ ಒಮ್ಮೆ ಬಿಗಿದು ಮೀನನ್ನು ದಣಿಸಿದನು. ಬಹಳ ಹೊತ್ತಾದ ಮೇಲೆ ಮೇಲಕ್ಕೆ ಬಂದುದು, ಹುರುಪೆಯಿಲ್ಲದ, ಅಗಲವಾದ ಬಾಯುಳ್ಳ, ಆಳೆತ್ತರಕ್ಕೆ ತುಸುವೇ ಕಡಿಮೆಯಾದ ಬಾಳೆಮೀನು! ವಿದ್ವಾಂಸರು ಸಂಸ್ಕೃತದ ಪಾಠೀನವನ್ನು ಈ ಮೀನೆಂದೇ ಗುರುತಿಸುವರು. ಅಮರಸಿಂಹನು ಅದಕ್ಕೆ ಸಹಸ್ರದಂಷ್ಟ್ರವೆಂಬ ಹೆಸರನ್ನೂ ಕೊಟ್ಟಿರುವನು. ಆ ಬಾಯೊಳಗಿನ ಹಲ್ಲುಗಳ ಸಾಲನ್ನು ಕಂಡಾಗ ಹೆಸರು ಸಾರ್ಥಕವೆನಿಸಿತು.

“ಮಾಸ್ತರ್ರೇ, ನಮ್ಮಪ್ಪನ ಕಾಲಕ್ಕ ಇಂಥವು ಭಾಳ ಸಿಗ್ತಿದ್ದುವು, ಈಗ ಅಪರೂಪ” ಎಂದನು ಹಿರಿಯನು.

ಅವನ ಮಾತು ಸತ್ಯವು. ಹಗಲಲ್ಲಿ ಮಡುವಿನ ತಳದಲ್ಲಿ ಅಡಗಿದ್ದು ರಾತ್ರಿ ಬೇಟೆಯಾಡುವ ಈ ಮೀನು ಇಂದು ಅಪಾಯದಲ್ಲಿರುವ ಜೀವಜಾತಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆ. ಮುಂಗಾರಿನ ಹೊಸನೀರಿನಲ್ಲಿ ಇದು ತತ್ತಿಯಿಡುವುದು; ಮೀನು ದೊಡ್ಡದಾದಷ್ಟೂ ತತ್ತಿಗಳು ಹೆಚ್ಚು. ಬೆಸ್ತನ ಅನ್ನವನ್ನು ಕಿತ್ತುಕೊಳ್ಳೆಂದು ಯಾರೂ ಹೇಳಲಾರರು. ಆದರೆ ಆ ಒಂದೆರಡು ತಿಂಗಳು ತಾಯಿಮೀನನ್ನು ನೀರಿಗೆ ಬಿಟ್ಟರೆ ಅವನ ಮಕ್ಕಳಿಗೂ ಅನ್ನವುಳಿಯುವುದು. ಕೊಳ್ಳುವ ಗೃಹಸ್ಥರಾದ ನಾವು ಆಗ ಅಂತಹ ಮೀನನ್ನು ಕೇಳದಿದ್ದರೆ, ಅವನು ಹಿಡಿಯಬೇಕಾದುದೂ ಇಲ್ಲ. ದತ್ತನು ಮೀನಿನಿಂದ ಕಲಿತ ಜಿಹ್ವಾಜಯದ ಪಾಠವು ನಮ್ಮ ಮನೆಗಳಿಗೂ ಸಲ್ಲತಕ್ಕುದೇ ಸರಿ.