ಮಗುವನ್ನು ಕಳೆದುಕೊಂಡ ಮೂವರು ಕವಿಗಳು

ಮೂರು ವರ್ಷಗಳ ಹಿಂದೆ ನಮ್ಮ ಹದಿನಾಲ್ಕು ತಿಂಗಳ ಮೊಮ್ಮಗಳು ಜ್ವರದಿಂದ ತೀರಿಕೊಂಡಳು. ಸೊಸೆಯ ಸುತ್ತ ಹೆಂಗಸರು ಕುಳಿತು ಅತ್ತರು. ಮಗನ ಹೆಗಲ ಮೇಲೆ ಕೈಯಿಟ್ಟು ನಾವು, "ಗಂಡಸಾದವನು ಗಟ್ಟಿಯಾಗಿರಬೇಕಪ್ಪಾ" ಎಂದೆವು. ಅವನು ಗಟ್ಟಿಯಾಗಿಯೇ ಉಳಿದ. ವಾರ ಕಳೆಯುವ ಮುನ್ನ ಕೆಲಸಕ್ಕೆ ಹೊರಟುಹೋದ. ಮಗುವಿನ ಹೆಸರನ್ನು ಮತ್ತೆ ಎತ್ತಲಿಲ್ಲ. ನಾವು ಆಡಿದ ಮಾತು ಸರಿಯಾಗಿತ್ತೇ ಎಂಬ ಶಂಕೆ ಅಂದಿನಿಂದ ನಮ್ಮನ್ನು ಕಾಡುತ್ತಿತ್ತು.

ನಿವೃತ್ತಿಯ ಬಿಡುವಿನಲ್ಲಿ ಚೀನಾ, ಜಪಾನುಗಳ ಪ್ರಾಚೀನ ಸಾಹಿತ್ಯವನ್ನು ಇಂಗ್ಲಿಷ್ ಅನುವಾದಗಳಲ್ಲಿ ಓದುವ ಹವ್ಯಾಸ ನಮಗಿದೆ. ಮಗುವಿನ ಸಾವನ್ನು ಬರೆದ ಮೂವರು ಕವಿಗಳು ಅಲ್ಲಿ ನಮಗೆ ದೊರೆತರು. ಮೂವರದೂ ಒಂದೇ ದುಃಖ. ಆದರೆ ಅದನ್ನು ನುಡಿಯುವ ಬಗೆಯನ್ನು ಅವರವರ ಸಮಾಜವೂ ನಂಬಿಕೆಯೂ ಬೇರೆ ಬೇರೆಯಾಗಿ ರೂಪಿಸಿದ್ದವು.

ಮೊದಲನೆಯವನು ಚೀನಾದ ದು ಫು (712–770). ತಾಂಗ್ ಅರಸರ ಕಾಲದಲ್ಲಿ ಕಾವ್ಯರಚನೆಯು ಅಧಿಕಾರಿಗಳ ಪರೀಕ್ಷೆಯ ಭಾಗವಾಗಿತ್ತು. ಓದಿದವನು ದೊರೆಗೂ ಪ್ರಜೆಗೂ ಹೊಣೆಗಾರನೆಂಬುದು ಕನ್ಫ್ಯೂಷಿಯಸನ ಪರಂಪರೆಯ ಬೋಧೆ. ಪರೀಕ್ಷೆಯಲ್ಲಿ ಸೋತು, ಬಹುಕಾಲ ಕಾದು ದು ಫು ಸಣ್ಣದೊಂದು ಹುದ್ದೆ ಪಡೆದ. 755ರ ಚಳಿಗಾಲದಲ್ಲಿ ರಾಜಧಾನಿ ಚಾಂಗಾನಿನಿಂದ ಹೆಂಡತಿ ಮಕ್ಕಳಿದ್ದ ಊರಿಗೆ ಬಂದಾಗ ಬಾಗಿಲಲ್ಲೇ ಅಳುವಿನ ದನಿ ಕೇಳಿಸಿತು. ಎಳೆಯ ಮಗ ಹಸಿವಿನಿಂದ ಸತ್ತಿದ್ದ. ಅದನ್ನು ಕುರಿತ ದೀರ್ಘ ಕವಿತೆಯಲ್ಲಿ ಅವನು ತಂದೆಯಾಗಿ ನಾಚಿ ತಲೆತಗ್ಗಿಸುತ್ತಾನೆ. ಮರುಕ್ಷಣವೇ, ತೆರಿಗೆಯಿಂದಲೂ ಸೇನೆಯಿಂದಲೂ ವಿನಾಯಿತಿಯುಳ್ಳ ತನಗೇ ಹೀಗಾದರೆ ದಿಕ್ಕಿಲ್ಲದವರ ಪಾಡೇನೆಂದು ಚಿಂತಿಸುತ್ತಾನೆ. ಅವನ ಕಣ್ಣೀರು ಪ್ರಜೆಗಳ ಕಡೆಗೆ ಹರಿಯಿತು.

ಎರಡನೆಯವನು ಜಪಾನಿನ ಕಿ ನೊ ತ್ಸುರಾಯುಕಿ. ಹತ್ತನೆಯ ಶತಮಾನದಲ್ಲಿ ಅಲ್ಲಿನ ಅಧಿಕಾರಿಗಳು ಆಡಳಿತದ ಬರಹವನ್ನೂ ದಿನಚರಿಯನ್ನೂ ಚೀನೀ ಭಾಷೆಯಲ್ಲಿ ಬರೆಯುತ್ತಿದ್ದರು. ಕಾನಾ ಎಂಬ ದೇಶೀ ಲಿಪಿಗೆ 'ಹೆಣ್ಣಿನ ಕೈ' ಎಂಬ ಹೆಸರಿತ್ತು. ತೋಸಾ ಪ್ರಾಂತದ ಅಧಿಕಾರ ಮುಗಿಸಿ 935ರಲ್ಲಿ ರಾಜಧಾನಿ ತಲುಪಿದ ತ್ಸುರಾಯುಕಿ, ಆ ಪ್ರಯಾಣದ ದಿನಚರಿಯನ್ನು ಹೆಂಗಸೊಬ್ಬಳು ಬರೆದಂತೆ ಕಾನಾದಲ್ಲಿ ಬರೆದ. ತೋಸಾದಲ್ಲಿ ತೀರಿಕೊಂಡ ಪುಟ್ಟ ಹುಡುಗಿಯ ನೆನಪು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಅಧಿಕಾರಿಯ ಭಾಷೆಯಲ್ಲಿ ಹಿಡಿಸದ ಅಳಲಿಗೆ ಅವನು ಹೆಣ್ಣಿನ ದನಿಯನ್ನು ಎರವಲು ಪಡೆದನೆಂದೇ ನಮಗೆ ತೋರುತ್ತದೆ. ಮುಂದಿನ ಶತಮಾನದ ಆರಂಭದಲ್ಲಿ ಮುರಾಸಾಕಿ ಶಿಕಿಬು ಎಂಬ ಮಹಿಳೆ 'ಗೆಂಜಿಯ ಕಥೆ'ಯನ್ನು ಬರೆದದ್ದೂ ಇದೇ ಲಿಪಿಯಲ್ಲಿ.

ಮೂರನೆಯವನು ಕೊಬಯಾಶಿ ಇಸ್ಸಾ (1763–1828). ರೈತ ಮನೆತನದವನು, ಅಮಿದ ಬುದ್ಧನ ಭಕ್ತ. 1819ರಲ್ಲಿ, ವರ್ಷ ದಾಟಿದ ಅವನ ಮಗಳು ಸಾತೊ ಸಿಡುಬಿನಿಂದ ತೀರಿಕೊಂಡಳು. ಲೋಕವು ಅನಿತ್ಯವೆಂಬುದು ಅವನ ಧರ್ಮದ ಮೊದಲ ಪಾಠ. ಆ ಪಾಠವನ್ನು ಅವನು ಅಲ್ಲಗಳೆಯಲಿಲ್ಲ. ಅದನ್ನು ಪೂರ್ತಿಯಾಗಿ ಒಪ್ಪಿ, ಹಾಗಿದ್ದರೂ ಹೃದಯವು ಸಮಾಧಾನಗೊಳ್ಳದೆಂಬುದನ್ನು ಪುಟ್ಟ ಹೈಕುವೊಂದರಲ್ಲಿ ಹೇಳಿದ. ಶ್ರದ್ಧಾವಂತನೂ ಅಳಬಹುದೆಂಬುದನ್ನು ನಾವು ಅವನಿಂದ ಕಲಿತೆವು.

ಕಳೆದ ಶ್ರಾವಣದಲ್ಲಿ ಮಗ ಊರಿಗೆ ಬಂದಿದ್ದ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಅವನಿಗೆ ಇಸ್ಸಾನ ಕಥೆ ಹೇಳಿದೆವು. "ಅಂದು ಗಟ್ಟಿಯಾಗಿರು ಎಂದದ್ದು ನಮ್ಮ ತಪ್ಪು" ಎಂದೆವು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಮೆಲ್ಲಗೆ, "ಅವಳಿಗೆ ಈಗ ನಾಲ್ಕು ತುಂಬಿರುತ್ತಿತ್ತು, ಅಪ್ಪಾ" ಎಂದ.

ಅಂದು ತಂದೆ ಮಗ ಇಬ್ಬರೂ ಅತ್ತೆವು.